ಆಲ್ಪೈನ್ ಹೂಗಿಡಗಳ ಶಿಲೀಂಧ್ರ ರೋಗಗಳು: ಮುನ್ನೆಚ್ಚರಿಕೆ ಮತ್ತು ಉಪಚಾರ

ಬ್ರಿಟನ್ನಿನಂತಹ ತೇವದ ನಾಡಿನಲ್ಲಿ ಆಲ್ಪೈನ್ ಹೂಗಿಡಗಳನ್ನು ಬೆಳೆಸಲು ಹೊರಟವರು ಮೊಟ್ಟಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಈ ಗಿಡಗಳು ಚಳಿಗೆ ಸಾಯುವುದು ಅಪರೂಪ. ಅವು ಸಾಯುವುದು ಚಳಿಗಾಲದ ಒದ್ದೆಗೆ. ಮರಗಳು ಬೆಳೆಯುವ ಎತ್ತರವನ್ನು ದಾಟಿದ ಮೇಲೆ ಸಿಗುವ ಬಂಡೆಯ ಬಿರುಕುಗಳಲ್ಲೂ ಜಲ್ಲಿಯ ಇಳಿಜಾರುಗಳಲ್ಲೂ ಹುಟ್ಟಿ ಬೆಳೆದ ಸ್ಯಾಕ್ಸಿಫ್ರೇಜ್, ಆಂಡ್ರೊಸೇಸ್, ಡ್ರಾಬಾ, ಜೆಂಟಿಯನ್, ಪ್ರಿಮುಲಾ ಮೊದಲಾದವು ತಮ್ಮ ತವರಿನಲ್ಲಿ ಚಳಿಗಾಲದ ತಿಂಗಳುಗಳನ್ನು ಹಿಮದ ಹೊದಿಕೆಯಡಿ ನಿದ್ರಿಸುತ್ತಾ ಕಳೆಯುತ್ತವೆ. ಆ ಹೊದಿಕೆಯ ಕೆಳಗೆ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತದೆ, ನೀರು ಹೆಪ್ಪುಗಟ್ಟಿರುವುದರಿಂದ ಗಿಡದ ಬುಡಕ್ಕೆ ಅದು ತಾಗುವುದಿಲ್ಲ, ವಸಂತದಲ್ಲಿ ಹಿಮ ಕರಗಿದ ಕೂಡಲೇ ನೀರು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಇಂಗ್ಲೆಂಡಿನ ತಗ್ಗು ಪ್ರದೇಶದ ತೋಟದಲ್ಲಾದರೋ ನವೆಂಬರಿನಿಂದ ಮಾರ್ಚಿನವರೆಗೆ ಹೆಪ್ಪುಗಟ್ಟುವಷ್ಟು ಚಳಿಯೂ ಇಲ್ಲ, ಒಣಗುವಷ್ಟು ಬಿಸಿಲೂ ಇಲ್ಲ; ಜಿನುಗುಮಳೆ, ಮಂಜು, ನಿಂತ ಗಾಳಿ. ಗಿಡಕ್ಕೆ ಸರಿಯಾಗಿ ನಿದ್ರೆ ಹತ್ತದ, ಶಿಲೀಂಧ್ರಕ್ಕೆ ಪೂರ್ತಿ ಎಚ್ಚರವಿರುವ ಕಾಲ ಅದು. ಮುಂದೆ ಹೇಳುವ ಉಪಾಯಗಳೆಲ್ಲ ಈ ಒದ್ದೆಯನ್ನು ಗಿಡದ ಕೊರಳಿನಿಂದ ದೂರವಿಡುವ ಬಗೆಗಳೇ ಆಗಿವೆ.

ಮಣ್ಣು ಮತ್ತು ಮಡಿ

ರೋಗದ ತಡೆ ಆರಂಭವಾಗುವುದು ಗಿಡ ನೆಡುವುದಕ್ಕೆ ಮೊದಲೇ. ಜೇಡಿಮಣ್ಣಿನ ಸಮತಟ್ಟಾದ ಹಿತ್ತಿಲಲ್ಲಿ ಗುಂಡಿ ತೋಡಿ, ಅದಕ್ಕೆ ಜಲ್ಲಿ ತುಂಬಿ, ಅದರಲ್ಲಿ ಆಲ್ಪೈನ್ ಗಿಡ ನೆಟ್ಟರೆ ಆ ಗುಂಡಿ ಸುತ್ತಲಿನ ನೀರನ್ನೆಲ್ಲ ಕೂಡಿಹಾಕುವ ಬಾವಿಯಾಗುತ್ತದೆಯೇ ಹೊರತು ಬಸಿಯುವ ತಾಣವಾಗುವುದಿಲ್ಲ. ಆದ್ದರಿಂದ ಮಡಿಯನ್ನು ನೆಲದಿಂದ 30ರಿಂದ 45 ಸೆಂಟಿಮೀಟರ್ ಎತ್ತರಿಸಿ ಕಟ್ಟಬೇಕು, ತಳದಲ್ಲಿ ಒಡೆದ ಇಟ್ಟಿಗೆ ಅಥವಾ ದಪ್ಪ ಕಲ್ಲಿನ ಪದರ ಹಾಸಬೇಕು, ಅದರ ಮೇಲೆ ಮಣ್ಣು, ಎಲೆಗೊಬ್ಬರ ಮತ್ತು ಹರಳುಜಲ್ಲಿ ಬೆರೆತ ಮಿಶ್ರಣ ತುಂಬಬೇಕು. ಜಲ್ಲಿಯ ಪ್ರಮಾಣ ಒಟ್ಟು ಮಿಶ್ರಣದ ಅರ್ಧದಷ್ಟಿದ್ದರೂ ಹೆಚ್ಚಾಗಲಿಲ್ಲ. ಕಟ್ಟಡದ ಕೆಲಸಕ್ಕೆ ಬಳಸುವ ನುಣುಪು ಮರಳು ಇದಕ್ಕೆ ಬರುವುದಿಲ್ಲ, ಏಕೆಂದರೆ ಅದರ ಕಣಗಳು ಒಂದಕ್ಕೊಂದು ಒತ್ತಿಕೊಂಡು ಗಾಳಿಯ ಸಂದುಗಳನ್ನೇ ಮುಚ್ಚಿಬಿಡುತ್ತವೆ. ಅಂಚುಗಳು ಚೂಪಾಗಿರುವ, ಮೂರರಿಂದ ಆರು ಮಿಲಿಮೀಟರ್ ಗಾತ್ರದ ಹರಳುಗಳೇ ಬೇಕು.

ಗಿಡ ನೆಟ್ಟಾದ ಮೇಲೆ ಎಲೆಗಳ ಕೆಳಗೆ, ಬುಡದ ಸುತ್ತ, ಎರಡು-ಮೂರು ಸೆಂಟಿಮೀಟರ್ ದಪ್ಪಕ್ಕೆ ಬರೀ ಹರಳಿನ ಹೊದಿಕೆ ಹಾಕುವುದನ್ನು ಎಂದೂ ತಪ್ಪಿಸಬಾರದು. ಇದನ್ನು ಅಂದಕ್ಕಾಗಿ ಮಾಡುವುದೆಂದು ಅನೇಕರು ಭಾವಿಸುತ್ತಾರೆ, ಆದರೆ ಇದರ ನಿಜವಾದ ಕೆಲಸ ಬೇರು ಕಾಂಡವಾಗಿ ಮಾರ್ಪಡುವ ಆ ಮೃದುವಾದ ಕೊರಳನ್ನು ಒಣದಾಗಿ ಇಡುವುದು ಮತ್ತು ಮಳೆಹನಿ ಬಡಿದಾಗ ಮಣ್ಣಿನಲ್ಲಿರುವ ರೋಗಕಣಗಳು ಎಲೆಗೆ ಸಿಡಿಯದಂತೆ ತಡೆಯುವುದು. ಸುಣ್ಣವನ್ನು ಸಹಿಸದ ಜೆಂಟಿಯಾನಾ ಸೈನೊ-ಆರ್ನೇಟಾದಂತಹ ಗಿಡಗಳಿಗೆ ಸುಣ್ಣಕಲ್ಲಿನ ಹರಳು ಬೇಡ, ಗ್ರಾನೈಟ್ ಹರಳನ್ನು ಬಳಸಬೇಕು. ಉತ್ತರ ಅಮೆರಿಕದ ಪಶ್ಚಿಮ ಭಾಗದಿಂದ ಬಂದ ಲೆವಿಸಿಯಾ ಗಿಡದ ನಡುವಿನ ಬಟ್ಟಲಿನಲ್ಲಿ ಮಳೆನೀರು ನಿಂತರೆ ಅದು ಬುಡದಿಂದಲೇ ಕೊಳೆಯುತ್ತದೆ. ಅದನ್ನು ಕಲ್ಲುಗೋಡೆಯ ಸಂದಿನಲ್ಲಿ ಅಡ್ಡಲಾಗಿ, ಮುಖ ಹೊರಕ್ಕೆ ಬರುವಂತೆ ನೆಡುವುದು ಹಳೆಯ ಉಪಾಯ, ಮತ್ತು ನನ್ನ ಅಭಿಪ್ರಾಯದಲ್ಲಿ ಯಾವ ಔಷಧಿಗಿಂತಲೂ ಮೇಲಾದದ್ದು.

ಗೊಬ್ಬರದ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. ಸಾರಜನಕ ಹೆಚ್ಚಾದರೆ ಗಿಡ ಮೆತ್ತಗೆ, ರಸತುಂಬಿ, ಬೇಗ ಬೆಳೆಯುತ್ತದೆ. ಅಂತಹ ಎಳೆಯ ಅಂಗಾಂಶದೊಳಗೆ ಬೂಷ್ಟು ಸಲೀಸಾಗಿ ನುಗ್ಗುತ್ತದೆ. ವಸಂತದಲ್ಲಿ ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರವನ್ನು ಅರ್ಧ ಪ್ರಮಾಣಕ್ಕೆ ತೆಳುಗೊಳಿಸಿ ಒಂದೆರಡು ಬಾರಿ ಕೊಟ್ಟರೆ ಸಾಕು.

ಹೊರಗಿನ ಮಡಿಯಲ್ಲಿರುವ, ಮೈತುಂಬ ರೋಮವಿರುವ ಗಿಡಗಳಿಗೆ, ಅಂದರೆ ಹಲವು ಆಂಡ್ರೊಸೇಸ್‌ಗಳಿಗೂ ಡ್ರಾಬಾಗಳಿಗೂ, ಅಕ್ಟೋಬರ್ ಕೊನೆಯಿಂದ ಮಾರ್ಚಿನವರೆಗೆ ಒಂದು ಗಾಜಿನ ಹಲಗೆಯ ಮಾಡು ಬೇಕು. ಬಿಸಿಲಿನ ಅತಿನೇರಳೆ ಕಿರಣದಿಂದಲೂ ಒಣಗಾಳಿಯಿಂದಲೂ ಕಾಪಾಡುವ ಆ ರೋಮಗಳೇ ತಗ್ಗುನಾಡಿನಲ್ಲಿ ನೀರಹನಿಗಳನ್ನು ದಿನಗಟ್ಟಲೆ ಹಿಡಿದಿಟ್ಟುಕೊಂಡು ಮುಳುವಾಗುತ್ತವೆ. ಗಾಜನ್ನು ತಂತಿಯ ಕಾಲುಗಳ ಮೇಲೆ ತುಸು ವಾಲಿಸಿ ನಿಲ್ಲಿಸಬೇಕು. ನಾಲ್ಕೂ ಬದಿ ತೆರೆದೇ ಇರಬೇಕು. ಗಂಟೆಯಾಕಾರದ ಪ್ಲಾಸ್ಟಿಕ್ ಮುಚ್ಚಳವನ್ನು ಕವುಚಿಹಾಕಿದರೆ ಮಳೆಯೇನೋ ತಪ್ಪುತ್ತದೆ, ಆದರೆ ಒಳಗಿನ ಆವಿ ಹೊರಹೋಗದೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ.

ಗಾಳಿ, ನೀರು, ಚಿಮುಟ

ಕುಂಡಗಳಲ್ಲಿ ಬೆಳೆಸುವವರಿಗೆ ಆಲ್ಪೈನ್ ಮನೆ ಎಂಬ ಗಾಜಿನ ಮನೆ ಇರುತ್ತದೆ. ಇದು ಬೆಚ್ಚಗಿಡುವ ಹಸಿರುಮನೆಗೆ ತದ್ವಿರುದ್ಧವಾದದ್ದು. ಮಳೆಯನ್ನು ತಡೆಯುವುದು, ಗಾಳಿಯನ್ನು ಬಿಡುವುದು ಇದರ ಕೆಲಸ. 2006ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತೆರೆದ ಡೇವೀಸ್ ಆಲ್ಪೈನ್ ಮನೆಯನ್ನು ನೋಡಿದರೆ ಈ ತತ್ತ್ವ ಸ್ಪಷ್ಟವಾಗುತ್ತದೆ: ಎತ್ತರದ ಜೋಡಿ ಕಮಾನಿನ ಆಕಾರದಿಂದಾಗಿ ಬಿಸಿಗಾಳಿ ಮೇಲಿನಿಂದ ತಾನಾಗಿಯೇ ಹೊರಬೀಳುತ್ತದೆ, ನೆಲದಡಿಯ ಕಾಂಕ್ರೀಟ್ ಚಕ್ರವ್ಯೂಹದಲ್ಲಿ ಸುತ್ತಿ ತಂಪಾದ ಗಾಳಿ ಗಿಡಗಳ ಸುತ್ತ ಹಾಯುತ್ತದೆ. ಮನೆಯ ಹಿತ್ತಿಲಿನಲ್ಲಿ ಅಷ್ಟೆಲ್ಲ ಬೇಕಿಲ್ಲ. ಚಾವಣಿಯಲ್ಲೂ ಎರಡೂ ಪಕ್ಕಗಳಲ್ಲೂ ಉದ್ದಕ್ಕೆ ಕಿಟಕಿಗಳಿದ್ದು, ಬಿರುಮಳೆ ಒಳಗೆ ಹೊಡೆಯುವ ಹೊತ್ತು, ಬಿರುಗಾಳಿ ಮತ್ತು ದಟ್ಟ ಮಂಜಿನ ದಿನಗಳನ್ನು ಬಿಟ್ಟರೆ ಚಳಿಗಾಲವಿಡೀ ಅವನ್ನು ತೆರೆದಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಮಂಜು ಕವಿದು ಗಾಳಿ ಸತ್ತಂತಿರುವ ದಿನಗಳಿಗೆ ಒಂದು ಚಿಕ್ಕ ವಿದ್ಯುತ್ ಪಂಖ ಸಾಕು. ಹೀಟರ್ ಬೇಕೇಬೇಕೆನ್ನುವವರು ಸೀಮೆಎಣ್ಣೆಯ ಹೀಟರನ್ನಂತೂ ದೂರವಿಡಲಿ; ಎಣ್ಣೆ ಉರಿದಾಗ ನೀರಾವಿ ಹುಟ್ಟುತ್ತದೆ, ಆ ಆವಿಯೆಲ್ಲ ರಾತ್ರಿ ತಣ್ಣಗಾದ ಎಲೆಗಳ ಮೇಲೆ ಇಬ್ಬನಿಯಾಗಿ ಕೂರುತ್ತದೆ.

ನೀರು ಹಾಕುವುದು ಬೆಳಗ್ಗೆಯೇ ಆಗಬೇಕು, ರಾತ್ರಿಯೊಳಗೆ ಎಲೆ ಒಣಗಲು ಹೊತ್ತು ಸಿಗಬೇಕು. ಮೆತ್ತೆಯಂತೆ ಒತ್ತಾಗಿ ಬೆಳೆಯುವ ಗಿಡಗಳ ಮೇಲೆ ಚಳಿಗಾಲದಲ್ಲಿ ಒಂದು ಹನಿಯೂ ಬೀಳಬಾರದು. ಇದಕ್ಕಾಗಿಯೇ ಅನುಭವಿಗಳು ಮಣ್ಣಿನ ಕುಂಡಗಳನ್ನು ಅಂಚಿನವರೆಗೆ ಮರಳಿನ ತೊಟ್ಟಿಯಲ್ಲಿ ಹೂತಿಟ್ಟು, ಕುಂಡಕ್ಕೆ ನೀರು ಹಾಕದೆ ಸುತ್ತಲಿನ ಮರಳನ್ನಷ್ಟೇ ತೇವಮಾಡುತ್ತಾರೆ. ಕುಂಡದ ಗೋಡೆ ತನಗೆ ಬೇಕಾದಷ್ಟನ್ನು ನಿಧಾನವಾಗಿ ಹೀರಿಕೊಂಡು ಬೇರಿಗೆ ಕೊಡುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಇದು ನಡೆಯದು. ಇರಾನಿನ ಒಣಬಂಡೆಗಳ ಮರೆಯಲ್ಲಿ, ಮಳೆ ನೇರವಾಗಿ ತಾಗದ ಕಡೆ ಬೆಳೆಯುವ ಡಯೊನೀಸಿಯಾ ಗಿಡಗಳನ್ನು ಈ ವಿಧಾನವಿಲ್ಲದೆ ಚಳಿಗಾಲ ದಾಟಿಸುವುದು ಬಹಳ ಕಷ್ಟ. ಹೊಸಬರು ಅವುಗಳಿಂದ ಆರಂಭಿಸದಿರುವುದು ಲೇಸು.

ಇನ್ನು ಚಿಮುಟ. ಬೂದುಬೂಷ್ಟು ರೋಗವನ್ನು ತರುವ ಬೊಟ್ರೈಟಿಸ್ ಸಿನೆರಿಯಾ ಎಂಬ ಶಿಲೀಂಧ್ರ ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತದೆ, ಅದನ್ನು ತೋಟದಿಂದ ಓಡಿಸುವುದು ಆಗದ ಮಾತು. ಆದರೆ ಅದು ಆರೋಗ್ಯವಂತ ಎಲೆಯ ಮೇಲೆ ನೇರವಾಗಿ ದಾಳಿಮಾಡುವುದು ಕಡಿಮೆ. ಮೊದಲು ಬಾಡಿದ ಹೂವು, ಸತ್ತ ಎಲೆ, ಮುರಿದ ತೊಟ್ಟು ಇವುಗಳಲ್ಲಿ ನೆಲೆಯೂರಿ, ಅಲ್ಲಿ ಬಲಿತು, ಆಮೇಲೆ ಪಕ್ಕದ ಜೀವಂತ ಭಾಗಕ್ಕೆ ಹಬ್ಬುತ್ತದೆ. ಹದಿನೈದು-ಇಪ್ಪತ್ತು ಡಿಗ್ರಿಯ ಹವೆ ಅದಕ್ಕೆ ಬಲು ಇಷ್ಟವಾದರೂ ಸೊನ್ನೆಯ ಹತ್ತಿರದ ಚಳಿಯಲ್ಲೂ ಅದು ಬೆಳವಣಿಗೆಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ಹಾಗಾಗಿ ಹೂ ಬಾಡಿದ ಕೂಡಲೇ ಒಂದೊಂದನ್ನೂ ತೊಟ್ಟಿನ ಸಮೇತ ಚಿಮುಟದಿಂದ ಎತ್ತಿಹಾಕುವುದು, ಮೆತ್ತೆಯ ಸಂದುಗಳಲ್ಲಿ ಸಿಕ್ಕಿಕೊಂಡ ಉದುರೆಲೆಗಳನ್ನು ಆಯ್ದು ತೆಗೆಯುವುದು ಬೇಸರದ ಕೆಲಸವೆನಿಸಿದರೂ ಇದಕ್ಕೆ ಬದಲಿಯಿಲ್ಲ.

ಆರಿಕ್ಯುಲಾ ಪ್ರಿಮುಲಾಗಳ ಹಳೆಯ ಎಲೆ ಶರತ್ಕಾಲದಲ್ಲಿ ಹಳದಿಯಾಗುತ್ತದೆ. ಅದನ್ನು ಬದಿಗೆ ಮೆಲ್ಲನೆ ಎಳೆದಾಗ ಸುಲಭವಾಗಿ ಬಂದರೆ ತೆಗೆಯಬೇಕು; ಬಿಗಿಯಾಗಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಬೇಕು, ಜಗ್ಗಿ ಹರಿದರೆ ಆ ಗಾಯವೇ ರೋಗಕ್ಕೆ ಬಾಗಿಲು. ಕುಂಡಗಳ ನಡುವೆ ಎಲೆಗೆ ಎಲೆ ತಾಗದಷ್ಟು ಅಂತರವೂ ಇರಲಿ.

ರೋಗ ಕಂಡಾಗ

ಕಂದುಬಣ್ಣ ಕಂಡ ಕೂಡಲೇ ಔಷಧಿಯ ಬಾಟಲಿಗೆ ಕೈಹಾಕುವ ಮೊದಲು ಇದು ಶಿಲೀಂಧ್ರವೇ ಹೌದೇ ಎಂದು ನೋಡಬೇಕು. ಸ್ಯಾಕ್ಸಿಫ್ರೇಜ್ ಮೆತ್ತೆಯ ದಕ್ಷಿಣದ ಬದಿಯಲ್ಲಿ ಬೇಸಿಗೆಯಲ್ಲಿ ಕಾಣುವ, ಒಣಗಿ ಗರಿಗರಿಯಾದ ಕಂದು ಪಟ್ಟೆ ಬಹುಪಾಲು ಬಿಸಿಲಿನ ಸುಡುವಿಕೆ. ಅದಕ್ಕೆ ಬೇಕಾದದ್ದು ಮಧ್ಯಾಹ್ನದ ನೆರಳು. ಬೂದುಬೂಷ್ಟಿನ ಕಲೆ ಚಳಿಗಾಲದಲ್ಲಿ, ಮೆತ್ತೆಯ ನಡುವೆ, ಮೆತ್ತಗೆ ತೇವವಾಗಿ ಶುರುವಾಗುತ್ತದೆ, ಮುಟ್ಟಿದರೆ ಬೂದುಬಣ್ಣದ ಧೂಳು ಏಳುತ್ತದೆ. ಇದ್ದಕ್ಕಿದ್ದಂತೆ ಸೊರಗಿದ ಪ್ರಿಮುಲಾವನ್ನು ಕುಂಡದಿಂದ ಬಿಡಿಸಿದಾಗ ಕಾಲಿಲ್ಲದ, ಕಂದು ತಲೆಯ, ಬಾಗಿದ ಬಿಳಿ ಹುಳುಗಳು ಸಿಕ್ಕರೆ ಅದು ವೈನ್ ವೀವಿಲ್ ಎಂಬ ಸೊಂಡಿಲುಕೀಟದ ಮರಿಗಳ ಕೆಲಸ. ಶಿಲೀಂಧ್ರನಾಶಕದಿಂದ ಅವಕ್ಕೆ ಏನೂ ಆಗದು.

ಬೂದುಬೂಷ್ಟು ಖಚಿತವಾದರೆ, ಒಣಹವೆಯ ದಿನ ನೋಡಿ, ಸಣ್ಣ ಮೊನೆಯ ಕತ್ತರಿಯಿಂದ ಕೊಳೆತ ಎಲೆಗುಚ್ಛಗಳನ್ನೆಲ್ಲ ಕತ್ತರಿಸಿ, ಬಣ್ಣ ಕೆಡದ ಅಂಗಾಂಶ ಕಾಣುವವರೆಗೂ ಹೋಗಬೇಕು. ಕನಿಕರ ತೋರಿಸಿ ಅರೆಕೊಳೆತದ್ದನ್ನು ಉಳಿಸಿದರೆ ಎರಡು ವಾರದಲ್ಲಿ ಇನ್ನೂ ದೊಡ್ಡ ತೂತು ಬೀಳುತ್ತದೆ. ಪ್ರತಿ ಕುಂಡದ ನಂತರ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಉಂಟಾದ ಪೊಳ್ಳನ್ನು ಒಣಗಿದ ಒರಟು ಮರಳಿನಿಂದ ತುಂಬಿ, ಗಿಡವನ್ನು ಗಾಳಿ ಹಾಯುವ ಜಾಗಕ್ಕೆ ಸರಿಸಬೇಕು. ಸುತ್ತಲಿನ ಗುಚ್ಛಗಳು ಬೇಸಿಗೆಯಲ್ಲಿ ಆ ಮರಳಿನೊಳಕ್ಕೆ ಬೇರು ಬಿಟ್ಟು ಜಾಗ ತುಂಬಿಕೊಳ್ಳುವುದುಂಟು. ಕೊಳೆತ ಕಾಂಡದ ಮೇಲೆ ಸಾಸಿವೆಯಂತಹ ಕಪ್ಪು ಗಟ್ಟಿ ಕಾಳುಗಳು ಕಂಡರೆ ಅವು ಆ ಶಿಲೀಂಧ್ರದ ವಿಶ್ರಾಂತಿಯ ರೂಪ. ಅವನ್ನು ಕಾಂಪೋಸ್ಟ್ ಗುಂಡಿಗೆ ಹಾಕಲೇಬಾರದು.

ದಪ್ಪ ಎಲೆಗಳ ಗುಚ್ಛವಾಗಿ ಬೆಳೆಯುವ ಸೆಂಪರ್ವೈವಮ್ ಗಿಡಗಳ ತುಕ್ಕುರೋಗ ಬೇರೆಯೇ ಜಾತಿಯದು. ಎಂಡೊಫಿಲಮ್ ಸೆಂಪರ್ವೈವಿ ಎಂಬ ಈ ತುಕ್ಕು ಎಲೆಯ ಮೇಲಷ್ಟೇ ಇರದೆ ಗಿಡದ ಒಡಲೊಳಗೆ ಸೇರಿಕೊಂಡು ವರ್ಷದಿಂದ ವರ್ಷಕ್ಕೆ ಬದುಕುತ್ತದೆ. ಕಿತ್ತಳೆಬಣ್ಣದ ಗುಳ್ಳೆಗಳು ವಸಂತದಲ್ಲಿ ಏಳುವುದಕ್ಕೆ ಮೊದಲೇ ಇದನ್ನು ಗುರುತಿಸಬಹುದು: ಚಪ್ಪಟೆಯಾಗಿ ಹರಡಬೇಕಾದ ಎಲೆಗಳು ಸಪೂರವಾಗಿ, ಮಾಮೂಲಿಗಿಂತ ಬಹಳ ಉದ್ದವಾಗಿ, ತಿಳಿಬಣ್ಣದಿಂದ ನೆಟ್ಟಗೆ ನಿಲ್ಲುತ್ತವೆ. ಅಂತಹ ಗುಚ್ಛವನ್ನು ಬೇರುಸಹಿತ ಕಿತ್ತು, ಗುಳ್ಳೆ ಒಡೆದು ಪುಡಿ ಹಾರುವ ಮೊದಲೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕುವುದೊಂದೇ ದಾರಿ. ಎಲೆಯನ್ನಷ್ಟೇ ಚಿವುಟಿ ಸಮಾಧಾನಪಟ್ಟುಕೊಳ್ಳುವಂತಿಲ್ಲ, ಅದರ ಮರಿಗಳನ್ನು ಗೆಳೆಯರಿಗೆ ಹಂಚುವಂತೆಯೂ ಇಲ್ಲ. ಹೊಸದಾಗಿ ತಂದ ಸೆಂಪರ್ವೈವಮ್‌ಗಳನ್ನು ಒಂದು ವಸಂತ ಕಳೆಯುವವರೆಗೆ ಉಳಿದವುಗಳಿಂದ ದೂರ ಇಡುವ ರೂಢಿಯನ್ನು ಬೆಳೆಸಿಕೊಂಡರೆ ಈ ಪೀಡೆ ಬಹುತೇಕ ಒಳಗೇ ಬರುವುದಿಲ್ಲ. ಪಿಂಕ್ಸ್ ಎಂದು ಕರೆಯುವ ಡಯಾಂತಸ್ ಗಿಡಗಳಿಗೂ ಕಂದುಪುಡಿಯ ತುಕ್ಕು ಬರುತ್ತದೆ. ಅಲ್ಲಿ ರೋಗದ ಎಲೆಗಳನ್ನು ಮೊದಲಲ್ಲೇ ತೆಗೆದು ಗಿಡವನ್ನು ವಿರಳಗೊಳಿಸಿದರೆ ಉಳಿಸಿಕೊಳ್ಳಲು ಅವಕಾಶವಿದೆ.

ಬೇರುಕೊಳೆಗೆ ಮುಖ್ಯ ಕಾರಣ ಫೈಟಾಫ್ತೋರಾ ಮತ್ತು ಪಿಥಿಯಮ್ ಎಂಬ ಸೂಕ್ಷ್ಮಜೀವಿಗಳು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಫೈಟಾಫ್ತೋರಾದ ಪರಿಚಯ ಹೇಳಿಕೊಡಬೇಕಾಗಿಲ್ಲ, ಮಳೆಗಾಲದ ಕೊಳೆರೋಗ ಅದೇ ಕುಲದ ಜೀವಿಯಿಂದ ಬರುವುದು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ್ದರು. ಇವನ್ನು ಈಗ ನಿಜವಾದ ಶಿಲೀಂಧ್ರಗಳ ಸಾಲಿನಲ್ಲಿ ಎಣಿಸುವುದಿಲ್ಲ, ಇವುಗಳ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಹಾಗಾಗಿ ಸಾಮಾನ್ಯ ಶಿಲೀಂಧ್ರನಾಶಕಗಳಲ್ಲಿ ಅನೇಕವು ಇವುಗಳ ಮೇಲೆ ಕೆಲಸ ಮಾಡುವುದಿಲ್ಲ. ಮಣ್ಣು ಒದ್ದೆಯಿದ್ದರೂ ಗಿಡ ಬಾಡಿ ನಿಂತಿದ್ದರೆ, ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದಾಗ ಹೊರಗಿನ ಸಿಪ್ಪೆ ಕಳಚಿ ಒಳಗೆ ದಾರದಂತಹ ಎಳೆ ಮಾತ್ರ ಉಳಿದರೆ, ಇದೇ ರೋಗವೆಂದು ಭಾವಿಸಬಹುದು. ಬಾಡಿದೆಯೆಂದು ಇನ್ನಷ್ಟು ನೀರು ಹಾಕುವುದು ಇಲ್ಲಿ ಅತಿ ಸಾಮಾನ್ಯವಾದ ತಪ್ಪು.

ಆರಿಕ್ಯುಲಾದ ದಪ್ಪ ಬುಡಗಡ್ಡೆಯ ತುದಿ ಮಾತ್ರ ಕೊಳೆತಿದ್ದರೆ ಗಿಡವನ್ನು ಉಳಿಸಬಹುದು. ಮಣ್ಣನ್ನೆಲ್ಲ ತೊಳೆದು, ಹರಿತವಾದ ಚಾಕುವಿನಿಂದ ಕೆಳಗಿನಿಂದ ತೆಳು ಹಲ್ಲೆಗಳಾಗಿ ಕತ್ತರಿಸುತ್ತ ಬಂದು, ಕಂದುಚುಕ್ಕೆ ಒಂದೂ ಇಲ್ಲದ ಬಿಳಿಯ ಮುಖ ಕಂಡಾಗ ನಿಲ್ಲಿಸಬೇಕು. ಗಾಯ ಒಣಗಲು ಒಂದು ದಿನ ನೆರಳಿನಲ್ಲಿಟ್ಟು, ಹೊಸ ಕುಂಡದಲ್ಲಿ ಹರಳು ಹೆಚ್ಚಿರುವ ಹೊಸ ಮಿಶ್ರಣದಲ್ಲಿ ನೆಟ್ಟು, ಬೇರು ಬರುವ ತನಕ ನೀರನ್ನು ಹಿಡಿತದಲ್ಲಿ ಕೊಡಬೇಕು. ಕೊಳೆ ಕೊರಳಿನವರೆಗೆ ಏರಿದ್ದರೆ ಗಿಡದ ಆಸೆ ಬಿಡುವುದು ಒಳ್ಳೆಯದು. ಆ ಮಣ್ಣನ್ನು ಇನ್ನೊಂದು ಕುಂಡಕ್ಕೆ ಬಳಸಬಾರದು.

ಬೀಜದಿಂದ ಸಸಿ ಮಾಡುವವರಿಗೆ ಎದುರಾಗುವ ಬುಡಕೊಳೆಯೂ ಪಿಥಿಯಮ್ ಮತ್ತು ರೈಜೋಕ್ಟೋನಿಯಾದಿಂದಲೇ. ನಿನ್ನೆ ನೆಟ್ಟಗಿದ್ದ ಸಸಿಗಳು ಇಂದು ಮಣ್ಣಿನ ಮಟ್ಟದಲ್ಲಿ ಸೊಂಟ ಮುರಿದಂತೆ ಮಲಗಿರುತ್ತವೆ. ವಿರಳವಾಗಿ ಬಿತ್ತುವುದು, ಬೀಜದ ಮೇಲೆ ಮಣ್ಣಿನ ಬದಲು ಸಣ್ಣ ಹರಳನ್ನು ಹೊದಿಸುವುದು, ತೊಳೆದ ಕುಂಡ ಬಳಸುವುದು, ಪೀಪಾಯಿಯಲ್ಲಿ ನಿಂತ ಮಳೆನೀರಿಗೆ ಬದಲಾಗಿ ನಲ್ಲಿನೀರು ಹಾಕುವುದು, ಇಷ್ಟೇ ಇದಕ್ಕೆ ಇರುವ ತಡೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅದೇ ಕುಂಡದಲ್ಲಿ ಉಳಿದ ಸಸಿಗಳನ್ನು ಅಂದೇ ಬೇರೆಡೆಗೆ ಕೀಳಿ ನೆಡಬೇಕು.

ಆಬ್ರಿಯೆಟಾ, ಅರಬಿಸ್ ಮೊದಲಾದ ಸಾಸಿವೆ ಕುಟುಂಬದ ಗಿಡಗಳ ಎಲೆಯಡಿಯಲ್ಲಿ ಬಿಳಿ ಬಣ್ಣದ ಗುಳ್ಳೆಗಳೆದ್ದರೆ ಅದು ಬಿಳಿತುಕ್ಕು; ಎಲೆಗಳನ್ನು ಕಿತ್ತು, ಹೂ ಮುಗಿದ ಮೇಲೆ ಗಿಡವನ್ನು ಗಿಡ್ಡಗೆ ಕತ್ತರಿಸಿದರೆ ಸಾಮಾನ್ಯವಾಗಿ ಹೊಸ ಚಿಗುರು ಚೊಕ್ಕವಾಗಿ ಬರುತ್ತದೆ. ಹಿಮಾಲಯದ ನೀಲಿ ಗಸಗಸೆ ಎಂದು ಹೆಸರಾದ ಮೆಕೊನಾಪ್ಸಿಸ್‌ಗೆ ಬೂಜುತುಪ್ಪಟ ರೋಗ ತಗಲುವುದುಂಟು, ಮೇಲೆ ಹಳದಿ ಕಲೆ, ಕೆಳಗೆ ಬೂದುಬಣ್ಣದ ತುಪ್ಪಟ; ರೋಗದ ಗಿಡವನ್ನು ತೆಗೆದು ಉಳಿದವನ್ನು ದೂರದೂರ ನೆಡಬೇಕು. ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುವ ಬೂದಿರೋಗ ಮಾತ್ರ ಉಳಿದವಕ್ಕೆ ವಿರುದ್ಧ, ಬೇರು ಒಣಗಿ ಗಾಳಿ ತೇವವಾಗಿರುವಾಗ ಹೆಚ್ಚು. ಅಲ್ಲಿ ಬೇರಿಗೆ ನೀರು ಕೊಡುವುದೇ ಅರ್ಧ ಚಿಕಿತ್ಸೆ.

ಔಷಧಿಯ ಮಾತು

ಹಳೆಯ ತೋಟಗಾರಿಕೆ ಪುಸ್ತಕಗಳಲ್ಲಿ ಬೆನೊಮಿಲ್ ಸಿಂಪಡಿಸಿ, ಚೆಷಂಟ್ ಮಿಶ್ರಣ ಹಾಕಿ ಎಂದಿರುತ್ತದೆ. ಆ ಎರಡೂ ಶಿಲೀಂಧ್ರನಾಶಕಗಳು ಬ್ರಿಟನ್ನಿನ ಮಾರುಕಟ್ಟೆಯಿಂದ ಹೋಗಿವೆ. ನಮ್ಮಲ್ಲಿ ಅಡಿಕೆಗೂ ಮೆಣಸಿಗೂ ಪ್ರತಿ ಮಳೆಗಾಲ ಹೊಡೆಯುವ ಬೋರ್ಡೋ ದ್ರಾವಣವೂ ಅಲ್ಲಿನ ಮನೆತೋಟಗಾರರಿಗೆ ಈಗ ಅನುಮತಿಯಿಲ್ಲದ್ದು. ಊರಿನ ಅಭ್ಯಾಸದಂತೆ ಮೈಲುತುತ್ತ, ಸುಣ್ಣ ಕಲಸಿಕೊಳ್ಳಲು ಹೋಗಬಾರದು. ಪಾತ್ರೆ ತೊಳೆಯುವ ದ್ರಾವಣ ಮೊದಲಾದ ಅಡುಗೆಮನೆಯ ಸಾಮಗ್ರಿಗಳನ್ನು ಕೀಟರೋಗನಾಶಕವಾಗಿ ಬಳಸುವುದನ್ನೂ ಅಲ್ಲಿನ ಕಾನೂನು ಒಪ್ಪುವುದಿಲ್ಲ. ಮನೆತೋಟಕ್ಕೆಂದು ಮಾರುವವುಗಳಲ್ಲಿ ಟೆಬುಕೊನಜೋಲ್‌ನಂತಹ ಟ್ರಯಜೋಲ್ ಗುಂಪಿನವು ಮುಖ್ಯ. ಯಾವುದಕ್ಕೆ ಈಗ ಅನುಮತಿಯಿದೆ ಎಂಬುದು ಬದಲಾಗುತ್ತಲೇ ಇರುವುದರಿಂದ, ಕೊಳ್ಳುವ ಮೊದಲು ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್ ಎಂಬ ಅಲ್ಲಿನ ಸರ್ಕಾರಿ ಸಂಸ್ಥೆ ಇಟ್ಟಿರುವ ಪಟ್ಟಿಯನ್ನೂ ಡಬ್ಬಿಯ ಮೇಲಿನ ಚೀಟಿಯನ್ನೂ ಓದಬೇಕು.

ಇವು ತುಕ್ಕಿಗೂ ಬೂದಿರೋಗಕ್ಕೂ ತಕ್ಕಮಟ್ಟಿಗೆ ಒದಗುತ್ತವೆ, ಬೇರುಕೊಳೆಗೆ ನೆರವಾಗುವುದಿಲ್ಲ. ಟ್ರಯಜೋಲ್‌ಗಳಿಗೆ ಗಿಡದ ಬೆಳವಣಿಗೆಯನ್ನು ಕುಗ್ಗಿಸುವ ಗುಣವೂ ಇರುವುದರಿಂದ ವರ್ಷಕ್ಕೆ ಅರ್ಧ ಸೆಂಟಿಮೀಟರ್ ಬೆಳೆಯುವ ಮೆತ್ತೆಗಿಡಗಳ ಮೇಲೆ ಮೊದಲು ಒಂದು ಗಿಡಕ್ಕೆ ಮಾತ್ರ ಹೊಡೆದು ಕೆಲವು ವಾರ ಕಾಯುವುದು ಕ್ಷೇಮ. ಮೋಡ ಕವಿದ ಚಳಿಗಾಲದಲ್ಲಿ ಮೆತ್ತೆಯ ಮೇಲೆ ಸಿಂಪಡಿಸಿದ ದ್ರಾವಣದ ನೀರು ಒಣಗದೆ ಒಳಗೇ ಉಳಿದು, ಔಷಧಿ ಮಾಡುವ ಉಪಕಾರಕ್ಕಿಂತ ಒದ್ದೆ ಮಾಡುವ ಅಪಕಾರವೇ ಹೆಚ್ಚಾಗಬಹುದು. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ, ಬೊಟ್ರೈಟಿಸ್ ಇದರಲ್ಲಿ ಕುಪ್ರಸಿದ್ಧ. ಒಟ್ಟಿನಲ್ಲಿ ಆಲ್ಪೈನ್ ಗಿಡಗಳ ಮಟ್ಟಿಗೆ ಸಿಂಪಡಣೆಯನ್ನು ಕೊನೆಯ ಸಾಲಿನಲ್ಲಿ ಇಡಬೇಕೆಂಬುದು ನನ್ನ ನಿಲುವು. ಹತ್ತು ಪೌಂಡಿನ ಔಷಧಿಗೆ ಬದಲು ಅದೇ ದುಡ್ಡಿನ ಹರಳುಜಲ್ಲಿ ಕೊಂಡರೆ ಹೆಚ್ಚು ಗಿಡ ಉಳಿಯುತ್ತವೆ.

ಕಳೆದುಕೊಳ್ಳಲು ಮನಸ್ಸೊಪ್ಪದ ಗಿಡವಿದ್ದರೆ ಅದು ಚೆನ್ನಾಗಿರುವಾಗಲೇ ಅದರ ಸಂತಾನ ಮಾಡಿಟ್ಟುಕೊಳ್ಳಬೇಕು. ಹೂ ಮುಗಿದ ಮೇಲೆ, ಜೂನ್ ತಿಂಗಳ ಹೊತ್ತಿಗೆ, ಸ್ಯಾಕ್ಸಿಫ್ರೇಜ್‌ನಿಂದಲೋ ಆಂಡ್ರೊಸೇಸ್‌ನಿಂದಲೋ ರೋಗದ ಗುರುತಿಲ್ಲದ ಐದಾರು ಗುಚ್ಛಗಳನ್ನು ಸಣ್ಣ ತೊಟ್ಟಿನೊಂದಿಗೆ ಬಿಡಿಸಿ, ಕೆಳಗಿನ ಒಣ ಎಲೆಗಳನ್ನು ಉದುರಿಸಿ, ಒದ್ದೆ ಮಾಡಿದ ಒರಟು ಮರಳಿನಲ್ಲಿ ಒತ್ತಿ, ನೆರಳಿನಲ್ಲಿ ಮುಚ್ಚಿಡದೆ ಇಟ್ಟರೆ ಶರತ್ಕಾಲದೊಳಗೆ ಬೇರು ಬಿಡುತ್ತವೆ. ತಾಯಿಗಿಡ ಒಂದು ಕಡೆಯಿದ್ದರೆ ಈ ಮರಿಗಳನ್ನು ಇನ್ನೊಂದು ಕಡೆ ಇಡಬೇಕು, ಸಾಧ್ಯವಾದರೆ ಬೇರೊಬ್ಬರ ಮನೆಯಲ್ಲಿ.